ಖಾಲಿ ಬಿಟ್ಟ ಕಾಲಂ

ಯಾರನ್ನೂ ಶಿಕ್ಷಿಸುವುದಿಲ್ಲ ಎಂದು ಆದೇಶದಲ್ಲಿ ಬರೆದಿತ್ತು. ಬೆಳಿಗ್ಗೆ ಎದ್ದಾಗಿನಿಂದ ಬುರ್ಮಾಕಾನ್‌ಳ ನೆಮ್ಮದಿ ಕೆಡಿಸಿದ್ದು ಆ ಒಂದು ವಾಕ್ಯ. ಮೂರೇ ಹಾಳೆಯ ಆದೇಶ; ರಾಜಧಾನಿ ಬಿಷ್ಕೆಕ್‌ನಿಂದ ದೇಶದ ಎಲ್ಲ ಆಸ್ಪತ್ರೆಗಳಿಗೂ ಹೋದದ್ದು. ಯಾವ ಔಷಧಿಗೂ ಬಗ್ಗದ ರೋಗಾಣುಗಳು ಆಸ್ಪತ್ರೆಗಳ ಒಳಗೇ ಬೀಡು ಬಿಟ್ಟಿವೆ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಕಳೆದ ಎರಡು ವರ್ಷಗಳಲ್ಲಿ ಎಲ್ಲೆಲ್ಲಿ ಏನೇನು ಕಂಡಿದ್ದಿರೋ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ, ತಿಳಿಸಿದವರ ಮೇಲೆ ಕ್ರಮವಿಲ್ಲ. ಇದನ್ನು ಓದಿ ಆಸ್ಪತ್ರೆಯ ಉಳಿದವರೆಲ್ಲ ಉಸ್ಸಪ್ಪಾ ಎಂದಿದ್ದರು. ಬುರ್ಮಾಕಾನ್‌ಗೆ ಮಾತ್ರ ಯಾರೋ ಮೈಮೇಲಿನ ಹೊದಿಕೆ ಎಳೆದುಕೊಂಡ ಹಾಗಾಯಿತು. ಇಪ್ಪತ್ತೊಂಬತ್ತು ವರ್ಷ ಈ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಅವಳು ಸುಳ್ಳು ಬರೆದದ್ದು ಹೆದರಿ. ಹೆದರಿದ್ದೆ ಎಂದು ತನಗೆ ತಾನೇ ಹೇಳಿಕೊಳ್ಳುವುದಕ್ಕಾದರೂ ಆಗುತ್ತಿತ್ತು. ಈಗ ಅದಕ್ಕೂ ಸಂಚಕಾರ ಬಂತು.

ಎಂಟು ಗಂಟೆಗೆ ಲ್ಯಾಬಿನ ಬಾಗಿಲು ತೆಗೆದು, ಚಪ್ಪಲಿ ಬದಲಾಯಿಸಿ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೈ ತೊಳೆದಳು. ತೊಳೆದ ಮೇಲೆ ಇನ್ನೊಮ್ಮೆ ತೊಳೆದಳು. ಹತ್ತು ಗಂಟೆಗೆ ಮೇಲಿನ ಹಾಲಿನಲ್ಲಿ ಸಭೆ. ರಾಜಧಾನಿಯಿಂದ ಎರ್ಕಾಯಿಮ್ ಎಂಬ ಡಾಕ್ಟರು ಬಂದಿದ್ದಾಳೆ. ಅವಳ ಕೈಗೆ ರಿಜಿಸ್ಟರು ಕೊಡಬೇಕು. ರಿಜಿಸ್ಟರನ್ನು ಬುರ್ಮಾಕಾನ್ ಬಿಚ್ಚಲಿಲ್ಲ. ಬಿಚ್ಚಿದರೆ ಕಾಣುವುದು ಒಂದೇ ಪದ ಎಂದು ಅವಳಿಗೆ ಗೊತ್ತಿತ್ತು. ತಜಾ. ಅಂದರೆ ಚೊಕ್ಕ. ಆಪರೇಷನ್ ಟೇಬಲ್ಲು, ತಜಾ. ಬಾಣಂತಿ ವಾರ್ಡಿನ ನಲ್ಲಿ, ತಜಾ. ಶಿಶು ವಾರ್ಡಿನ ತೊಟ್ಟಿ, ತಜಾ. ಪುಟ ತಿರುಗಿಸಿದ ಹಾಗೆಲ್ಲ ಅದೇ ಪದ ಮೇಲಿಂದ ಕೆಳಗೆ ಇಳಿದು ಬರುತ್ತದೆ, ಎಷ್ಟು ಮುದ್ದಾದ ಅಕ್ಷರ ನೋಡಿ, ಶಾಲೆಯಲ್ಲಿ ಕಾಪಿ ಬರೆದು ಬಹುಮಾನ ತೆಗೆದುಕೊಂಡ ಅಕ್ಷರ. ಹಾಗೆಂದು ಅವಳೊಬ್ಬಳೇ ಬರೆದದ್ದಲ್ಲ. ಅವಳಿಗೆ ಕೆಲಸ ಕಲಿಸಿದ ಹೆಂಗಸೂ ಹಾಗೇ ಬರೆದವಳು. ರೋಗಾಣು ಸಿಕ್ಕಿತು ಎಂದು ಬರೆದರೆ ತಪಾಸಣೆಯವರು ಬರುತ್ತಾರೆ, ವಾರ್ಡು ಮುಚ್ಚಿಸುತ್ತಾರೆ, ನಾಲ್ಕು ಜನರನ್ನು ಮನೆಗೆ ಕಳಿಸುತ್ತಾರೆ. ಸಿಗಲಿಲ್ಲ ಎಂದು ಬರೆದರೆ ಹೊಗಳಿ ಹೋಗುತ್ತಾರೆ. ಹೀಗಿರುವಾಗ ಹುಡುಕುವುದಾದರೂ ಏಕೆ? ತಪಾಸಣೆಯ ಹಿಂದಿನ ದಿನ ಫೋನ್ ಬರುತ್ತಿತ್ತು. ಫೋನ್ ಬಂದ ಮೇಲೆ ನರ್ಸುಗಳು ಕ್ಲೋರಿನ್ ಹಾಕಿ ಎಲ್ಲ ಒರೆಸುತ್ತಿದ್ದರು. ಒರೆಸಿ ಆರುವ ಮೊದಲೇ ಬುರ್ಮಾಕಾನ್ ಹೋಗಿ ಹತ್ತಿಯ ಕಡ್ಡಿಯಿಂದ ಸವರಿಕೊಂಡು ಬರುತ್ತಿದ್ದಳು. ಕ್ಲೋರಿನ್ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಯಾವ ರೋಗಾಣು ತಾನೆ ಸಿಕ್ಕೀತು.

ಆದರೆ ಕಳೆದ ವರ್ಷ ಮಾರ್ಚಿನಲ್ಲಿ ಯಾರೂ ಫೋನ್ ಮಾಡಿರಲಿಲ್ಲ. ಕೆಲಸವಿಲ್ಲದ ಒಂದು ಮಧ್ಯಾಹ್ನ, ಯಾಕೆಂದು ಅವಳಿಗೇ ಗೊತ್ತಿಲ್ಲ, ಶಿಶು ವಾರ್ಡಿಗೆ ಹೋಗಿ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯ ಕೆಳಗಿನ ನೀರಿನ ತೊಟ್ಟಿಯನ್ನು ಸವರಿ ತಂದಳು. ಎರಡನೇ ದಿನ, ರೋಗಾಣು ಬೆಳೆಸಿ ನೋಡುವ ಪ್ಲೇಟಿನ ತುಂಬ ಬೆಳೆದಿತ್ತು. ಔಷಧಿಯ ಬಿಲ್ಲೆಗಳನ್ನಿಟ್ಟು ನೋಡಿದಳು. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬಯಲು ಬೀಳಬೇಕು. ಯಾವ ಬಿಲ್ಲೆಯ ಸುತ್ತಲೂ ಬಯಲಿಲ್ಲ. ಕಾವಲಿಲ್ಲದ ಮನೆಯ ಗೋಡೆಗೆ ಹುಲ್ಲು ಹತ್ತಿಕೊಂಡ ಹಾಗೆ ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿತ್ತು. ಅದನ್ನು ಕಂಡಾಗ ಅವಳಿಗೆ ಮೊದಲು ಆದದ್ದು ಹೆದರಿಕೆಯಲ್ಲ, ಸಂತೋಷ. ಇದನ್ನು ಅವಳು ಯಾರಿಗೂ ಹೇಳಿಲ್ಲ. ಇಷ್ಟು ವರ್ಷಕ್ಕೆ ಒಂದು ದಿನ ತನ್ನ ಕಣ್ಣಿಗೆ ನಿಜವಾದದ್ದು ಏನೋ ಬಿತ್ತಲ್ಲ ಎಂಬ ಸಂತೋಷ. ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮೆಟ್ಟಿಲು ಎರಡೆರಡು ಹಾರಿಕೊಂಡು ಮುಖ್ಯ ವೈದ್ಯ ಸಾಗಿಂದಿಕ್‌ರ ಕೋಣೆಗೆ ಹೋದಳು.

ಸಾಗಿಂದಿಕ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಹಿಮದಲ್ಲಿ ಕಣಿವೆಯ ದಾರಿ ಮುಚ್ಚಿದಾಗ ಕುದುರೆಯ ಮೇಲೆ ಹೋಗಿ ಹೆರಿಗೆ ಮಾಡಿಸಿ ಬಂದ ಮನುಷ್ಯ. ಪ್ಲೇಟು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು, ಕುಳಿತುಕೋ ಅಂದರು, ಚಹಾದ ಕೆಟಲ್ ಹತ್ತಿರಕ್ಕೆ ಎಳೆದುಕೊಂಡರು. ನಮ್ಮ ಕಡೆ ಬಂದವರಿಗೆ ಬಟ್ಟಲು ತುಂಬ ಚಹಾ ಹೊಯ್ಯುವುದಿಲ್ಲ. ಅರ್ಧಕ್ಕಿಂತ ಕಡಿಮೆ ಹೊಯ್ದು, ಮುಗಿದ ಹಾಗೆ ಮತ್ತೆ ಹೊಯ್ಯುವುದೇ ಮರ್ಯಾದೆ. ಇನ್ನೂ ಕೂತಿರಿ, ಮಾತಾಡಿ ಎಂದು ಅದರ ಅರ್ಥ. ತುಂಬ ಹೊಯ್ದರೆ ಕುಡಿದು ಹೊರಡಿ ಎಂದ ಹಾಗೆ. ಸಾಗಿಂದಿಕ್ ಬಟ್ಟಲಿನ ಅಂಚು ಮುಟ್ಟುವ ತನಕ ಹೊಯ್ದರು. ಹೊಯ್ಯುತ್ತ, ಅವಳ ಮುಖ ನೋಡದೆ, "ತಜಾ ತಾನೆ, ಬುರ್ಮಾಕಾನ್?" ಎಂದು ಕೇಳಿದರು. ಅಷ್ಟೇ. ಬಯ್ಯಲಿಲ್ಲ, ಬೇಡಿಕೊಳ್ಳಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಬಟ್ಟಲೆತ್ತಿದರೆ ಚೆಲ್ಲುತ್ತಿತ್ತು, ಅವಳು ಬಗ್ಗಿ, ಮೇಜಿಗೇ ಬಾಯಿ ಹಚ್ಚಿ, ಬೆಕ್ಕಿನ ಹಾಗೆ ಒಂದು ಗುಟುಕು ಹೀರಿ ಎದ್ದು ಬಂದಳು. ನಾಲಿಗೆ ಸುಟ್ಟಿತ್ತು. ಪ್ರತಿಭಟಿಸಬೇಕು ಎಂದೇನೋ ಅನ್ನಿಸಿತು, ಆದರೆ ಯಾವುದನ್ನು ಪ್ರತಿಭಟಿಸುವುದು, ಚಹಾ ಕೊಟ್ಟದ್ದನ್ನೇ? ಕೆಳಗಿಳಿದು ತಜಾ ಎಂದು ಬರೆದಳು. ಪ್ಲೇಟನ್ನು ಮಾತ್ರ ಎಸೆಯಲು ಕೈ ಬರಲಿಲ್ಲ. ಅದರಿಂದ ಒಂದಿಷ್ಟು ಎತ್ತಿ ಸಣ್ಣ ಸೀಸೆಗೆ ಹಾಕಿ, ಸೀಸೆಯ ಮೇಲೆ ತಾರೀಖು ಬರೆದು, ಫ್ರೀಜರಿನ ಹಿಂಬದಿಗೆ ತಳ್ಳಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಆರು ದಿನಕ್ಕೆ ಆ ಪೆಟ್ಟಿಗೆಯಲ್ಲಿದ್ದ ಮಗು ತೀರಿಕೊಂಡಿತು. ಪುಸ್ತಕದಲ್ಲಿ ಅದು 'ಅಬ್ದಿಲ್ದಾಯೆವಾ, ಗಂಡು, ಎಂಟನೇ ದಿನ'. ವಿಚಾರಣೆಗೆ ಜನ ಬಂದರು. ನೀರು ತಜಾ, ಪೆಟ್ಟಿಗೆ ತಜಾ, ನಲ್ಲಿ ತಜಾ ಎಂದು ರಿಜಿಸ್ಟರು ಹೇಳಿತು. ಹಾಗಾದರೆ ಕೈಗಳನ್ನು ನೋಡೋಣ ಎಂದರು. ಆ ಮಗುವಿಗೆ ಡ್ರಿಪ್ ಹಾಕಿದವಳು ಅನಾರ್‌ಕುಲ್, ಶಿಶು ವಾರ್ಡಿನ ನರ್ಸು, ಹದಿನೆಂಟು ವರ್ಷದ ಅನುಭವ. ಲ್ಯಾಬಿಗೆ ಬಂದು, ಬುರ್ಮಾಕಾನ್‌ಳ ಎದುರು ಎರಡು ಕೈಯನ್ನೂ ಅಂಗಾತ ಚಾಚಿ ಕೂತಳು. ಹತ್ತಿಯ ಕಡ್ಡಿ ಬೆರಳ ಸಂದಿಯಲ್ಲಿ ಓಡಾಡುವಾಗ ಕಚಗುಳಿಯಾಗಿ ನಕ್ಕಳು ಕೂಡ, ನಕ್ಕದ್ದಕ್ಕೆ ತಕ್ಷಣ ನಾಚಿಕೊಂಡಳು. ಮೂರು ಪ್ಲೇಟಿಗೆ ಹಚ್ಚಿದಳು ಬುರ್ಮಾಕಾನ್. ಮೂರು ದಿನ ನೋಡಿದಳು. ಮೂರರಲ್ಲಿಯೂ ಆ ರೋಗಾಣುವಿನ ಸುಳಿವೇ ಇಲ್ಲ. ಅದನ್ನು ಬರೆಯುವುದಕ್ಕೆ ಪೆನ್ನು ಎತ್ತಿದಾಗ ಅವಳಿಗೆ ಹೊಳೆಯಿತು: ಕೈಯೂ ತಜಾ ಎಂದು ಬರೆದರೆ, ಮತ್ತೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ, ತಾವೇ ಪೆಟ್ಟಿಗೆಯನ್ನು ಸವರುತ್ತಾರೆ. ಕೈಯಲ್ಲಿ ಸಿಕ್ಕಿತು ಎಂದು ಬರೆಯುವಷ್ಟು ಪಾಪಿ ಅವಳಲ್ಲ. ಆ ಕಾಲಮನ್ನು ಖಾಲಿ ಬಿಟ್ಟಳು. ಬರೆಯದೆ ಬಿಟ್ಟದ್ದು ಸುಳ್ಳಲ್ಲ ಎಂದು ಆ ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಹೇಳಿಕೊಂಡಳು. ಖಾಲಿ ಕಾಲಮನ್ನು ವಿಚಾರಣೆಯವರು ತಮಗೆ ಬೇಕಾದ ಹಾಗೆ ಓದಿಕೊಂಡರು. ಕೈಶುಚಿಯಲ್ಲಿ ನಿರ್ಲಕ್ಷ್ಯ ಎಂದು ಎರಡು ಸಾಲು ಬರೆದು ಅನಾರ್‌ಕುಲ್‌ಳನ್ನು ಕೆಲಸದಿಂದ ತೆಗೆದರು.

ಹತ್ತು ಗಂಟೆಗೆ ಮೇಲಿನ ಹಾಲಿನಲ್ಲಿ ಕುರ್ಚಿಗಳು ಸಾಲದೆ ಹಿಂದೆ ಜನ ನಿಂತಿದ್ದರು. ಎರ್ಕಾಯಿಮ್‌ಗೆ ಮೂವತ್ತು ದಾಟಿರಲಿಕ್ಕಿಲ್ಲ. ಬಯ್ಯುವವಳು ಬರುತ್ತಾಳೆಂದು ಕಾದಿದ್ದವರ ಎದುರು ಒಬ್ಬ ಮೆಲುದನಿಯ ಹುಡುಗಿ ನಿಂತು, ಈ ರೋಗಾಣು ಒಬ್ಬರ ತಪ್ಪಿನಿಂದ ಬಂದದ್ದಲ್ಲ, ನಾವೆಲ್ಲ ಸೇರಿ ಮುಚ್ಚಿಟ್ಟು ಬೆಳೆಸಿದ್ದು ಎಂದಳು. ಇನ್ನು ಮುಂದೆ ಹೀಗೆ: ರೋಗಾಣು ಇರುವ ರೋಗಿಗಳಿಗೆ ಬೇರೆ ಕೋಣೆ, ಅವರಿಗೆ ಬೇರೆ ನರ್ಸು, ವಾರ ವಾರ ರಾಜಧಾನಿಗೆ ಅಂಕಿ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಯನ್ನು ಕಳಿಸುವಾಗ ಮೊದಲೇ ಹೇಳಿ ಕಳಿಸಬೇಕು. ಹೆಸರುಗಳು ಬೇಡ, ಅಂಕಿ ಸಾಕು. ಅವಳು ಹೇಳುತ್ತಿದ್ದುದೆಲ್ಲ ಸರಿ. ಇಷ್ಟು ಸರಿಯಾದ ಮಾತನ್ನು ಈ ಹಾಲಿನಲ್ಲಿ ಬುರ್ಮಾಕಾನ್ ಇದುವರೆಗೂ ಕೇಳಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪ್ರತಿ ವಾಕ್ಯಕ್ಕೂ ಅವಳ ಕೈ ತಾನಾಗಿ ಕೋಟಿನ ಜೇಬಿಗೆ ಹೋಗುತ್ತಿತ್ತು. ಜೇಬಿನಲ್ಲಿ, ಮಂಜುಗಡ್ಡೆಯ ಪುಟ್ಟ ಡಬ್ಬಿಯೊಳಗೆ ಆ ಸೀಸೆ. ತಾನೇಕೆ ಇದನ್ನು ತಂದೆ? ಕೊಡುವುದಕ್ಕೋ, ಇಲ್ಲ, ಕೊಡದೆ ವಾಪಸು ಒಯ್ದೆ ಎಂದು ಇನ್ನೊಮ್ಮೆ ಕೊರಗುವುದಕ್ಕೋ? ಪಕ್ಕದಲ್ಲಿ ಕೂತ ಫಾರ್ಮಸಿಯವಳು, ಏನಕ್ಕಾ, ಚಳಿಯಾ, ಎಂದು ಕೇಳಿದಳು. ಹೌದೆಂದಳು.

ಯಾರಾದರೂ ಏನಾದರೂ ಹೇಳುವುದಿದೆಯೆ ಎಂದು ಎರ್ಕಾಯಿಮ್ ಕೇಳಿದಳು. ಬುರ್ಮಾಕಾನ್ ಎದ್ದು ನಿಂತಳು. ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಎದ್ದದ್ದು ನಿಜ. ಆದರೆ ಬಾಯಿಂದ ಹೊರಬಿದ್ದದ್ದು, ಕಳೆದ ವರ್ಷ ಮಾರ್ಚಿನಲ್ಲಿ ಶಿಶು ವಾರ್ಡಿನ ನೀರಿನಲ್ಲಿ ಸಿಕ್ಕದ್ದು, ಜೋಪಾನವಾಗಿ ಇಟ್ಟಿದ್ದೇನೆ, ಎಂದಷ್ಟೇ. ಎರ್ಕಾಯಿಮ್ ವೇದಿಕೆಯಿಂದ ಇಳಿದು ಬಂದಳು. ಡಬ್ಬಿಯನ್ನು ತೆಗೆದುಕೊಂಡು, ಬುರ್ಮಾಕಾನ್‌ಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. ಎಷ್ಟು ಆಸ್ಪತ್ರೆ ಸುತ್ತಿ ಬಂದೆ ಅಕ್ಕ, ಎಲ್ಲರೂ ಎಸೆದಿದ್ದಾರೆ, ಇಟ್ಟುಕೊಂಡವರು ನೀವೊಬ್ಬರೇ ಎಂದಳು. ನಿಮ್ಮಂಥವರಿಂದ ಈ ಕೆಲಸ ನಡೆಯುತ್ತದೆ ಎಂದಳು. ಯಾರೋ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ತಟ್ಟಿದರು. ರಾಜಧಾನಿಯ ಅತಿಥಿಗೆಂದು ತರಿಸಿಟ್ಟಿದ್ದ ಶಾಲುಗಳಲ್ಲಿ ಒಂದನ್ನು ಸಾಗಿಂದಿಕ್ ತಾವೇ ತಂದು, ಬಿಡಿಸಿ, ಬುರ್ಮಾಕಾನ್‌ಳ ಹೆಗಲಿಗೆ ಹೊದಿಸಿದರು. ಹೂವಿನ ಅಂಚಿನ ಬಿಳಿ ಶಾಲು. ನೆಲ ಬಿರಿದು ನುಂಗಬಾರದೆ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಆ ಹೊತ್ತಿಗೆ ಅವಳು ನಿಜಕ್ಕೂ ನೆಲ ನೋಡಿದಳು. ಹಾಸಿನ ಅಂಚು ಹರಿದಿತ್ತು. ಅದನ್ನು ಯಾರೋ ನೀಲಿ ದಾರದಲ್ಲಿ ಹೊಲಿದಿದ್ದರು. ಮೂರನೇ ಸಾಲಿನಲ್ಲಿ ಹೊಸ ನರ್ಸು ಒಬ್ಬಳು, ಅನಾರ್‌ಕುಲ್‌ಳ ಜಾಗಕ್ಕೆ ಬಂದವಳು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ಶಾಲು ಸರಿಮಾಡುವ ನೆವದಲ್ಲಿ ಸಾಗಿಂದಿಕ್ ಕಿವಿಯ ಹತ್ತಿರ ಬಗ್ಗಿ, ನೀನು ಅದನ್ನು ಇಟ್ಟದ್ದು ಒಳ್ಳೆಯದಾಯಿತು, ನಮ್ಮ ಊರಿನ ಮರ್ಯಾದೆ ಉಳಿಯಿತು ಎಂದರು. ಅವರ ದನಿಯಲ್ಲಿ ಮೋಸವಿರಲಿಲ್ಲ, ಬಹಳ ದಿನದ ಹಲ್ಲುನೋವು ಹೋದವನ ಖುಷಿಯಿತ್ತು.

"ಅನಾರ್‌ಕುಲ್?" ಎಂದಳು ಬುರ್ಮಾಕಾನ್.

ಸಾಗಿಂದಿಕ್‌ರ ಕೈ ಶಾಲಿನ ಮೇಲೆ ಒಂದು ಗಳಿಗೆ ನಿಂತಿತು. "ಹೆಸರು ಬೇಡ ಅಂದ್ರಲ್ಲಮ್ಮ," ಎಂದರು. "ಅಂಕಿ ಸಾಕಂತೆ."

ಬುರ್ಮಾಕಾನ್ ಊಟಕ್ಕೆ ನಿಲ್ಲಲಿಲ್ಲ. ಅಡುಗೆಮನೆಯಿಂದ ಬೇಯುತ್ತಿದ್ದ ಕುರಿಮಾಂಸದ ವಾಸನೆ ಮೆಟ್ಟಿಲಿನವರೆಗೂ ಬಂದಿತ್ತು. ಅವಳಿಗೆ ಹಸಿವಾಗಿತ್ತು, ಹಸಿವಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹೊಳೆಯ ಸೇತುವೆ ದಾಟುವಾಗ ಬಿಸಿಲು ಚುರುಕಾಗಿತ್ತು. ಇಷ್ಟು ದೂರ ನಡೆದು ಬಂದ ಮೇಲೇ, ತಾನು ಹೋಗುತ್ತಿರುವುದು ಅನಾರ್‌ಕುಲ್‌ಳ ಮನೆಗೆ ಎಂದು ಅವಳು ಒಪ್ಪಿಕೊಂಡದ್ದು. ಒಂದೂವರೆ ವರ್ಷದಿಂದ ಆ ಬೀದಿಯನ್ನು ತಪ್ಪಿಸಿ, ಬಜಾರಿಗೂ ಸುತ್ತುದಾರಿಯಲ್ಲಿ ಹೋಗುತ್ತಿದ್ದಳು. ಅನಾರ್‌ಕುಲ್‌ಳದು ಹಗುರ ಕೈ ಎಂದು ಊರಿಗೆ ಊರೇ ಹೇಳುತ್ತಿದ್ದ ಕಾಲವಿತ್ತು. ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಬುರ್ಮಾಕಾನ್‌ಳ ತಾಯಿ ಕೊನೆಯ ತಿಂಗಳು ಬೇರೆ ಯಾರ ಕೈಯಲ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಲಿಲ್ಲ. ಆ ಹುಡುಗಿಯ ಕೈಗುಣವೇ ಬೇರೆ ಎಂದು ಹಟ ಹಿಡಿಯುತ್ತಿದ್ದಳು. ಊರಿನಲ್ಲಿ ಹುಟ್ಟಿದ ಮಗುವಿಗೆ ನಲವತ್ತು ದಿನ ತುಂಬಿ, ನಲವತ್ತು ಚಮಚ ನೀರೆರೆಯುವ ಶಾಸ್ತ್ರಕ್ಕೆ ಅನಾರ್‌ಕುಲ್ ಬರಬೇಕು. ನೀರೆರೆದವಳ ಗುಣ ಮಗುವಿಗೆ ಬರುತ್ತದಂತೆ. ಬುರ್ಮಾಕಾನ್‌ಳ ಮೊದಲ ಮೊಮ್ಮಗಳಿಗೆ ಎರೆದವಳು ಅವಳೇ. ಒಂದು, ಎರಡು, ಎಂದು ಎಣಿಸುತ್ತ ಪುಟ್ಟ ನೆತ್ತಿಯ ಮೇಲೆ ಚಮಚ ಬಗ್ಗಿಸುವಾಗ ಮಗು ಅಳಲಿಲ್ಲ, ಬಾಯಿ ಚಪ್ಪರಿಸಿತು. ವಿಚಾರಣೆಯಾದ ಮೇಲೆ ಅದೇ ಜನ ಅವಳ ಕೈ ಭಾರವಾಯಿತು ಎಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಊರ ಬಾಯಿ ಎಂದುಬಿಟ್ಟರೆ ಆಯಿತೆ? ಸೇತುವೆಯ ಕಂಬಿ ಹಿಡಿದು ಬುರ್ಮಾಕಾನ್ ನಿಂತುಬಿಟ್ಟಳು. ಹೋದ ವರ್ಷ ಚಳಿಗಾಲದ ಮುಂಚೆ ಮಗಳಿಗೆ ಎರಡನೆಯದು ಹುಟ್ಟಿತು. ನಲವತ್ತಕ್ಕೆ ಅನಾರ್‌ಕುಲ್ ಅಕ್ಕನನ್ನೇ ಕರೆಯೋಣಮ್ಮಾ ಎಂದಳು ಮಗಳು. ಜನ ಏನಾದರೂ ಅಂದುಕೊಳ್ಳಲಿ, ನನಗೆ ಅದರಲ್ಲಿ ನಂಬಿಕೆಯಿಲ್ಲ ಎಂದಳು. ಬೇಡ ಎಂದವಳು ಬುರ್ಮಾಕಾನ್. ಈ ಊರಿನಲ್ಲಿ ಆ ಕೈ ಚೊಕ್ಕ ಎಂದು ಕಣ್ಣಾರೆ ಕಂಡವಳು ಅವಳೊಬ್ಬಳೇ, ಬೇಡ ಎಂದವಳೂ ಅವಳೇ. ಆ ಕೈ ತನ್ನ ಮನೆಯ ಮಗುವಿನ ಮೇಲೆ ನೀರೆರೆಯುವುದನ್ನು ಎದುರು ಕೂತು ನೋಡುವ ಶಕ್ತಿ ಅವಳಿಗಿರಲಿಲ್ಲ. ಮಗಳಿಗೆ ಕಾರಣ ಹೇಳಲಿಲ್ಲ. ಯಾಕೆ ಸುಮ್ಮನೆ ಎಂದು ಒಂದು ಸಲ ತಡವರಿಸಿ, ಬೇರೆ ಯಾರಾದರೂ ಆಗಲಿ ಬಿಡು ಎಂದಳು. ಮಗಳು ಒಮ್ಮೆ ತಾಯಿಯ ಮುಖ ನೋಡಿ ಒಪ್ಪಿಕೊಂಡಳು. ಆ ನೋಟದಲ್ಲಿದ್ದದ್ದು ಏನೆಂದು ಬುರ್ಮಾಕಾನ್‌ಗೆ ಆಗ ತಿಳಿದಿರಲಿಲ್ಲ. ಈಗ ಹೊಳೆಯಿತು. ಲ್ಯಾಬಿನಲ್ಲಿ ಅಮ್ಮ ಏನೋ ಕಂಡಿರಬೇಕು ಎಂದುಕೊಂಡಿದ್ದಳು ಹುಡುಗಿ.

ಗೇಟು ತೆರೆದೇ ಇತ್ತು. ಅಂಗಳದಲ್ಲಿ ಅನಾರ್‌ಕುಲ್‌ಳ ಅತ್ತೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಜಗುಲಿಯ ಮೇಲೆ ಅನಾರ್‌ಕುಲ್ ಅರ್ಧ ಹೊಲಿದ ಹಾಸಿಗೆಯೊಂದನ್ನು ಹರವಿಕೊಂಡು ದಬ್ಬಳ ಆಡಿಸುತ್ತಿದ್ದಳು. ಕೈಗೆ ತೆಳು ರಬ್ಬರಿನ ಗ್ಲೌಸು. ಪಕ್ಕದಲ್ಲಿ ತೊಟ್ಟಿಲು, ಅವಳ ಮೈದುನನ ಹೆಂಡತಿ ಹೆತ್ತು ಇನ್ನೂ ತಿಂಗಳಾಗಿಲ್ಲ, ಅವಳು ಒಳಗೆ ಮಲಗಿದ್ದಳು. ತೊಟ್ಟಿಲಿಗೆ ಒಂದು ಹಗ್ಗ ಕಟ್ಟಿ ಆ ಹಗ್ಗವನ್ನು ಅನಾರ್‌ಕುಲ್ ತನ್ನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿದ್ದಳು. ಮಗು ಕುಸುಗುಟ್ಟಿದಾಗ ಕಾಲಲ್ಲೇ ತೂಗುತ್ತಿದ್ದಳು. ಬುರ್ಮಾಕಾನ್‌ಳನ್ನು ಕಂಡು ಎದ್ದಳು, ಬನ್ನಿ ಅಕ್ಕ, ಕೂತ್ಕೊಳ್ಳಿ ಎಂದಳು, ಒಳ್ಳೆಯ ಮನೆಯ ಹೆಣ್ಣಿಗೆ ಬರುವ ಮಾತುಗಳು ತಾವಾಗಿ ಬಂದವು. ಆಮೇಲೆ ಹೆಗಲು ನೋಡಿದಳು. ಚೆನ್ನಾಗಿದೆ, ಯಾರು ಹೊದಿಸಿದ್ದು, ಎಂದು ಕೇಳಿದಳು. ಬುರ್ಮಾಕಾನ್‌ಗೆ ಆಗಲೇ ಗೊತ್ತಾದದ್ದು, ಸನ್ಮಾನದ ಶಾಲನ್ನು ಊರ ತುಂಬ ಹೊದ್ದುಕೊಂಡೇ ಬಂದಿದ್ದೇನೆ ಎಂದು. ಕಿತ್ತು ಮಡಿಚಿ ತೊಡೆಯ ಕೆಳಗೆ ಇಟ್ಟುಕೊಂಡಳು. ಅನಾರ್‌ಕುಲ್ ಮತ್ತೆ ಕೂತು ದಬ್ಬಳ ಎತ್ತಿಕೊಂಡಳು, ಕಾಲಲ್ಲಿ ತೊಟ್ಟಿಲು ತೂಗಿದಳು.

ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ನೀರಿನ ತೊಟ್ಟಿಯಿಂದ ಶುರು ಮಾಡಿದಳು, ಅಲ್ಲಿಂದ ಆದೇಶಕ್ಕೆ ಹಾರಿದಳು, ಆ ಕಾಲದಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದರು ಎಂಬಲ್ಲಿಗೆ ಬಂದು, ಛೆ, ಇದನ್ನು ಹೇಳುವುದಕ್ಕೆ ಬಂದೆನೆ ಎಂದು ನಿಲ್ಲಿಸಿದಳು. ಕೊನೆಗೆ ಹಾಸಿಗೆಯ ಹೂವುಗಳನ್ನು ನೋಡುತ್ತ, ಉಸಿರಿನಲ್ಲೇ ಹೇಳಿದಳು. ನಿನ್ನ ಕೈಯಲ್ಲಿ ಏನೂ ಇರಲಿಲ್ಲ, ನನಗೆ ಗೊತ್ತಿತ್ತು, ನಾನು ಬರೆಯಲಿಲ್ಲ.

ತೊಟ್ಟಿಲ ಹಗ್ಗ ನಿಂತಿತು.

"ಏನಂತೆ?" ಎಂದು ಅಂಗಳದಿಂದ ಮುದುಕಿ ಕೇಳಿದಳು.

ಅನಾರ್‌ಕುಲ್ ಬುರ್ಮಾಕಾನ್‌ಳ ಮುಖವನ್ನೇ ನೋಡುತ್ತಿದ್ದಳು. "ನಮ್ಮತ್ತೆಗೆ ಕಿವಿ ಮಂದ ಅಕ್ಕ," ಎಂದಳು. "ಜೋರಾಗಿ ಹೇಳಿ."

ಜೋರಾಗಿ ಹೇಳಿದಳು. ಮುದುಕಿ ಅಂಗೈಯನ್ನು ಕಿವಿಗೆ ಹಿಡಿದು, ಯಾರ ಕೈ, ಯಾರ ಕೈ ಎಂದಳು. ಇನ್ನೂ ಜೋರಾಗಿ ಹೇಳಬೇಕಾಯಿತು. ತನ್ನ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಬರುತ್ತದೆ ಎಂದು ಬುರ್ಮಾಕಾನ್‌ಗೆ ತಿಳಿದಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಪ್ಲೇಟುಗಳ ಜೊತೆ ಇದ್ದವಳಿಗೆ ಕೂಗುವ ಅಭ್ಯಾಸವೆಲ್ಲಿ. ಅನಾರ್‌ಕುಲ್‌ಳ ಕೈಯಲ್ಲಿ ಏನೂ ಇರಲಿಲ್ಲ, ಆಸ್ಪತ್ರೆಯ ನೀರಿನಲ್ಲಿತ್ತು, ನಾನು ನೋಡಿದ್ದೆ, ಮುಚ್ಚಿಟ್ಟೆ. ಗೋಡೆಯಾಚೆ ಒಲೆಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರ ಮಾತು ನಿಂತಿತು. ಮುದುಕಿ ಉಣ್ಣೆಯನ್ನು ಕೆಳಗಿಟ್ಟಳು. ಬಯ್ಯುತ್ತಾಳೆ ಎಂದುಕೊಂಡಳು ಬುರ್ಮಾಕಾನ್, ಬಯ್ಯಲಿ ಎಂದು ಆಸೆಪಟ್ಟಳು. ಮುದುಕಿ ಹೇಳಿದ್ದಿಷ್ಟು: "ಅಲ್ಲಮ್ಮ, ಹಂಗಾದ್ರೆ ಈ ಹುಡುಗಿ ಹೋದ ಚಳಿಗಾಲದಿಂದ ಹಿಟ್ಟು ಕಲಸಿಲ್ವಲ್ಲ."

ಅನಾರ್‌ಕುಲ್ ಗ್ಲೌಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿದಳು. ಒಳಗಿನ ಕೈ ನೋಡುವ ಹಾಗಿರಲಿಲ್ಲ. ಕ್ಲೋರಿನ್ನಿಗೆ ಬೆಂದು, ಗೆಣ್ಣುಗಳ ಮೇಲೆ ಚರ್ಮ ಬಿರಿದು, ಉಗುರಿನ ಸುತ್ತ ಕೆಂಪಾಗಿತ್ತು. ಅದೇ ಕೈಗಳನ್ನು ಲ್ಯಾಬಿನಲ್ಲಿ ತನ್ನ ಮುಂದೆ ಅಂಗಾತ ಚಾಚಿದ್ದು ನೆನಪಾಗಿ ಬುರ್ಮಾಕಾನ್ ಕಣ್ಣು ಬೇರೆ ಕಡೆ ತಿರುಗಿಸಲು ಹೋದಳು. ಎಷ್ಟು ಸಲ ಹಚ್ಚಿ ನೋಡಿದಿರಿ ಎಂದು ಅನಾರ್‌ಕುಲ್ ಕೇಳಿದಳು. ಮೂರು ಸಲ. ಮೂರರಲ್ಲೂ? ಮೂರರಲ್ಲೂ ಇಲ್ಲ. ನರ್ಸು ಡಾಕ್ಟರರಿಗೆ ಲೆಕ್ಕ ಒಪ್ಪಿಸುವ ದನಿಯಲ್ಲಿಯೇ ಕೇಳಿದಳು, ಕೇಳಿ ತಲೆಯಾಡಿಸಿದಳು.

"ಮೊದ್ಲು ನಾನೂ ನಂಬಿರ್ಲಿಲ್ಲ ಅಕ್ಕ," ಎಂದಳು. "ವಿಚಾರಣೆಯವ್ರು ಹೇಳಿದ್ರು, ಅವ್ರಿಗೇನು ಗೊತ್ತು ಅಂತ ಬಿಟ್ಟೆ. ಊರೋರು ಅಂದ್ರು, ಅನ್ನೋ ಬಾಯಿ ಅನ್ಲಿ ಅಂತ ಬಿಟ್ಟೆ. ನಿಮ್ಮ ಎರಡ್ನೇ ಮೊಮ್ಮಗು ನಲವತ್ತಕ್ಕೆ ನೀವು ನನ್ನ ಕರೀಲಿಲ್ಲ ನೋಡಿ, ಅವತ್ತು ನಂಬಿಬಿಟ್ಟೆ. ಲ್ಯಾಬಿನ ಅಕ್ಕಂಗೆ ಗೊತ್ತಿಲ್ದೇ ಇರುತ್ತಾ, ಅವ್ರೇ ಕರೀಲಿಲ್ಲ ಅಂದ್ಮೇಲೆ ನನ್ನ ಕೈಯಲ್ಲೇ ಇತ್ತು ಅಂತ."

ಬುರ್ಮಾಕಾನ್ ಅಳತೊಡಗಿದಳು. ಅಳು ಬಂದದ್ದು ನಿಜವಾದ ದುಃಖದಿಂದಲೇ. ಆದರೂ ಅಳುತ್ತಿರುವಾಗಲೇ ಒಳಗೆಲ್ಲೋ, ಸದ್ಯ ಹೇಳಿ ಮುಗಿಯಿತು, ಇನ್ನು ಹಗುರ ಎಂದು ಒಂದು ದನಿ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು. ಅದಕ್ಕೂ ನಾಚಿಕೆಯಾಯಿತು. ನನ್ನನ್ನು ಕ್ಷಮಿಸು ಎಂದು ಕೈ ಹಿಡಿಯಲು ಹೋದಳು. ಅನಾರ್‌ಕುಲ್ ಕೈ ಹಿಂದೆ ಎಳೆದುಕೊಳ್ಳಲಿಲ್ಲ, ಕೊಡಲೂ ಇಲ್ಲ. ಕಾಲಿನ ಹಗ್ಗ ಬಿಚ್ಚಿ, ಎದ್ದು, ಮೊಳ ಉದ್ದದ ದಾರವನ್ನು ದಬ್ಬಳಕ್ಕೆ ಸುತ್ತಿ ಹಾಸಿಗೆಯಲ್ಲಿ ಚುಚ್ಚಿಟ್ಟಳು. ತಲೆಯ ಬಟ್ಟೆ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು.

"ಆ ಮಗೂನ ತಾಯಿ ಮನೆಗೆ ಯಾವತ್ತಾದ್ರೂ ಹೋಗಿದ್ರಾ ಅಕ್ಕ?"

ಬುರ್ಮಾಕಾನ್‌ಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯಾವ ತಾಯಿ ಎಂದು ಕೇಳುವುದರಲ್ಲಿದ್ದಳು, ಬಾಯಿಯವರೆಗೂ ಬಂದಿತ್ತು. ಒಂದೂವರೆ ವರ್ಷ ಕೊರಗಿದ್ದಾಳೆ, ನಿದ್ದೆಗೆಟ್ಟಿದ್ದಾಳೆ, ಪುಸ್ತಕವನ್ನು, ಸೀಸೆಯನ್ನು, ಚಹಾದ ಬಟ್ಟಲನ್ನು, ಅನಾರ್‌ಕುಲ್‌ಳನ್ನು ನೆನೆದು ನೆನೆದು ಬೆಂದಿದ್ದಾಳೆ. ಪುಸ್ತಕದಲ್ಲಿ ಬರೆದ ಅಬ್ದಿಲ್ದಾಯೆವಾ ಎಂಬ ತಾಯಿಯ ಹೆಸರಿನ ಹಿಂದೆ ಒಬ್ಬ ಹೆಂಗಸು ಇದ್ದಾಳೆ, ಎದೆಯಲ್ಲಿ ಹಾಲು ಕಟ್ಟಿಕೊಂಡು ಬರಿಗೈಯಲ್ಲಿ ಮನೆಗೆ ಹೋದಳು ಎಂಬುದು ಒಂದು ಸಲ, ಒಂದೇ ಒಂದು ಸಲವಾದರೂ, ತನ್ನ ತಲೆಯೊಳಗೆ ಬಂದದ್ದಿಲ್ಲ. ಇಲ್ಲ ಎಂದು ತಲೆಯಾಡಿಸಿದಳು.

"ನಾನು ಹೋಗಿದ್ದೆ," ಎಂದಳು ಅನಾರ್‌ಕುಲ್. "ನಿಮ್ಮನೇಲಿ ನಲವತ್ತಾಯ್ತಲ್ಲ, ಅದರ ಮಾರನೇ ದಿನ. ಕೆಳಗಿನ ಬೀದೀಲಿ, ಗಿರಣಿ ಪಕ್ಕ. ನಿನ್ನ ಮಗೂನ ನನ್ನ ಕೈಯಾರೆ ಕೊಂದೆ ಕಣಮ್ಮಾ ಅಂತ ಕಾಲು ಹಿಡ್ಕೊಂಡೆ. ಮಗೂಗೆ ಎಲ್ಚಿಬೆಕ್ ಅಂತ ಹೆಸರಿಟ್ಟಿದ್ರಂತೆ. ಅವ್ರಜ್ಜ ಇಟ್ಟಿದ್ದು. ಕೊನೆಗೆ ಅವ್ಳು, ಕ್ಷಮಿಸಿದ್ದೀನಿ ಹೋಗು ಅಂದ್ಲು. ಇಪ್ಪತ್ತೆರಡು ವರ್ಷದ ಹುಡುಗಿ. ಹೊಟ್ಟೇಲಿ ಬೆಂಕಿ ಇಟ್ಕೊಂಡು ಅಂದ್ಲು."

ಅವಳು ಜಗುಲಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡಳು.

"ಆ ಕ್ಷಮೆ ನನಗೆ ಸೇರಿದ್ದಲ್ಲ ಅಂತಾಯ್ತಲ್ಲ ಈಗ. ಅವಳಿಗೆ ವಾಪಸ್ ಕೊಟ್ಬಿಡ್ತೀನಿ. ನಿಮಗೆ ಕೊಡ್ತಾಳೋ ಇಲ್ವೋ, ನೀವೇ ಕೇಳಿ. ಏಳಿ ಅಕ್ಕ."

"ಇವತ್ತೇನಾ?" ಎಂದಳು ಬುರ್ಮಾಕಾನ್.

ಆ ಮಾತು ತನ್ನ ಬಾಯಿಂದ ಬಂದದ್ದನ್ನು ಅವಳು ಕೇಳಿಸಿಕೊಂಡಳು. ಅನಾರ್‌ಕುಲ್ ಗೇಟನ್ನು ಪೂರ್ತಿ ತೆಗೆದು, ಹಿರಿಯರು ಮೊದಲು ದಾಟಲಿ ಎಂದು ಪಕ್ಕಕ್ಕೆ ಸರಿದು ನಿಂತಳು.